ಟ್ರಂಕಿಗಿಂತ ಮೊದಲು ನಿಮ್ಮ ತಂದೆಯವರ ಮಾತು

ಪ್ರಶ್ನೆ: ನಮ್ಮ ತಂದೆಯವರು ಕಾರ್ಕಳದ ಕಡೆಯವರು. 1961ರಲ್ಲಿ, 17ನೆಯ ವಯಸ್ಸಿನಲ್ಲಿ ಮುಂಬೈಗೆ ಬಂದು ಚರ್ಚ್‌ಗೇಟ್ ಬೀದಿಯ ರೆಸ್ಟೊರೆಂಟ್ ಒಂದರಲ್ಲಿ ಮಾಣಿಯಾಗಿ ಸೇರಿದರು. ಅಲ್ಲಿ ರಾತ್ರಿ ಹೊತ್ತು ಜಾಝ್ ನುಡಿಸುತ್ತಿದ್ದ ಗೋವಾದ ಟ್ರಂಪೆಟ್ ವಾದಕರೊಬ್ಬರು ಊರಿಗೆ ಹೊರಟಾಗ ಒಂದು ಟ್ರಂಕನ್ನು ತಂದೆಯವರ ಬಳಿ ಬಿಟ್ಟರು. ತೆಗೆದುಕೊಂಡು ಹೋಗಲು ಮತ್ತೆ ಬರಲೇ ಇಲ್ಲ. ಅದರಲ್ಲಿ ಸ್ವರಲಿಪಿಯ ಒಂದು ಕಟ್ಟು, 11 ಫೋಟೊ, 4 ಗ್ರಾಮಫೋನ್ ತಟ್ಟೆ, ಬಟ್ಟಲಿನಂಥ ಒಂದು ಅಲ್ಯುಮಿನಿಯಂ ವಸ್ತು ಇವೆ. ಮನೆ ಬದಲಿಸುತ್ತಿದ್ದೇವೆ. ಇವಕ್ಕೆ ಬೆಲೆಯಿದೆಯೇ? ಯಾರಿಗೆ ಕೊಡಬೇಕು? ಹೊರಗಿನಿಂದ ಬಂದ ಈ ಸಂಗೀತವನ್ನು ಮುಂಬೈನ ಪರಂಪರೆ ಎನ್ನಬಹುದೇ? ಬೇರೆ ನಗರಗಳು ಇಂಥದ್ದನ್ನು ಹೇಗೆ ಉಳಿಸಿಕೊಳ್ಳುತ್ತವೆ?

ಉತ್ತರ: ನೀವು ಕಳಿಸಿದ ಮೂರು ಚಿತ್ರಗಳಲ್ಲಿ ಎರಡನೆಯದನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದೆ. ಹಳದಿಗಟ್ಟಿದ ಒಂದು ಹಾಳೆ. ಎಡಮೂಲೆಯಲ್ಲಿ ಎರಡನೆಯ ಟ್ರಂಪೆಟ್ ಎಂದು ಶಾಯಿಯಲ್ಲಿ ಬರೆದಿದೆ. ಬಲಗಡೆಯ ಕೆಳತುದಿ ತಿರುವಿ ತಿರುವಿ ಕಪ್ಪಾಗಿದೆ. ಒದ್ದೆ ಬೆರಳಿನ ಗುರುತು ಅದು. ಮೊದಲ ಮೂರು ಸಾಲುಗಳಲ್ಲಿ ಸ್ವರಗಳು ಒತ್ತೊತ್ತಾಗಿವೆ. ನಾಲ್ಕನೆಯ ಸಾಲಿನಿಂದ, ತಾಳದ ಆವರ್ತಗಳಂಥ 16 ಬಾರ್‌ಗಳವರೆಗೆ ಸ್ವರವೇ ಇಲ್ಲ. ಬರೀ ಓರೆಗೀಟುಗಳು, ಅವುಗಳ ಮೇಲೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಾದ ಕಾರ್ಡ್‌ಗಳ ಹೆಸರು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಎದ್ದು ನಿಲ್ಲು’ ಎಂಬ ಅರ್ಥದ ಒಂದು ಇಂಗ್ಲಿಷ್ ಪದ.

ನಮ್ಮ ಕಛೇರಿಗಳಲ್ಲಿ ಮನೋಧರ್ಮ ಎನ್ನುತ್ತೇವಲ್ಲ, ಆ ಗೀಟುಗಳು ಇರುವುದು ಅದಕ್ಕೆ. ಎದ್ದು ನಿಂತ ವಾದಕ ಆ ರಾತ್ರಿ ತನಗೆ ತೋಚಿದ್ದನ್ನು ಆ 16 ಬಾರ್‌ಗಳೊಳಗೆ ನುಡಿಸಬೇಕು. ಮರುರಾತ್ರಿ ಅದನ್ನೇ ನುಡಿಸಬೇಕಾಗಿಲ್ಲ. ಆತ ಏನು ನುಡಿಸಿದ ಎಂಬುದು ಕಾಗದದಲ್ಲಿ ಉಳಿದಿಲ್ಲ. ಕೇಳಿದ ಕಿವಿಗಳಲ್ಲಿ ಮಾತ್ರ ಉಳಿದಿರಬಹುದು. ಅಂಥ ಕಿವಿಯುಳ್ಳವರೊಬ್ಬರು ನಿಮ್ಮ ಮನೆಯಲ್ಲೇ ಇದ್ದಾರೆ, ಅವರಿಗೆ ಈಗ 81 ಅಥವಾ 82 ಆಗಿರಬೇಕು. ಆದ್ದರಿಂದ ನೀವು ಕೇಳಿದ್ದಕ್ಕೆಲ್ಲ ಮೊದಲು, ನೀವು ಕೇಳದೇ ಇದ್ದ ಒಂದಕ್ಕೆ ಉತ್ತರ ಹೇಳುತ್ತೇನೆ: ಟ್ರಂಕ್ ಇನ್ನೂ ಆರು ತಿಂಗಳು ಕಾಯಬಲ್ಲದು. ತಂದೆಯವರ ಮಾತನ್ನು ಈ ವಾರವೇ ಧ್ವನಿಮುದ್ರಿಸಿಕೊಳ್ಳಲು ಶುರುಮಾಡಿ. ಹೇಗೆಂದು ಮುಂದೆ ಬರೆಯುತ್ತೇನೆ.

ಈಗ ನಿಮ್ಮ ಮೂರನೆಯ ಪ್ರಶ್ನೆ: ಇದು ಮುಂಬೈನ ಪರಂಪರೆಯೇ? ಉಳಿದೆಲ್ಲವೂ ಅದರ ಮೇಲೆ ನಿಂತಿದೆ.

ಹುಟ್ಟು ಹೊರಗಿನದು, ನಿಜ. 1935ರ ಕೊನೆಯಲ್ಲಿ ಲಿಯಾನ್ ಆ್ಯಬಿ ಎಂಬ ಪಿಟೀಲುವಾದಕ ಆಫ್ರಿಕನ್ ಅಮೆರಿಕನ್ ವಾದಕರ ತಂಡವೊಂದನ್ನು ತಾಜ್‌ಮಹಲ್ ಹೋಟೆಲಿಗೆ ಕರೆತಂದರು. ಅವರ ಹಿಂದೆಯೇ ಟ್ರಂಪೆಟ್‌ನ ಕ್ರಿಕೆಟ್ ಸ್ಮಿತ್ ಮತ್ತು ಪಿಯಾನೊದ ಟೆಡ್ಡಿ ವೆದರ್‌ಫರ್ಡ್ ಬಂದರು. ವೆದರ್‌ಫರ್ಡ್ ಷಿಕಾಗೊದಲ್ಲಿ ಟ್ರಂಪೆಟ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ಇದ್ದ ತಂಡದಲ್ಲೇ ನುಡಿಸಿದವರು. ಮರಳಿ ತಮ್ಮ ದೇಶಕ್ಕೆ ಹೋಗದೆ 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದಿಂದ ತೀರಿಕೊಂಡರು. ಸ್ವಂತ ನಾಡಿನ ಹೋಟೆಲುಗಳಲ್ಲಿ ಮುಂಬಾಗಿಲಿನಿಂದ ಒಳಗೆ ಬಿಡದ ಕಾಲದಲ್ಲಿ ಈ ಕಲಾವಿದರು ಸಮುದ್ರ ದಾಟಿ ಇಲ್ಲಿಗೆ ಬಂದು ನುಡಿಸಿದರು ಎಂಬುದನ್ನು ಮರೆಯಬಾರದು.

ಆದರೆ ಬಂದದ್ದು ಬೇರೂರಿದ್ದು ಗೋವಾದವರಿಂದ. ಅಲ್ಲಿ ಚರ್ಚಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದ ಜೊತೆಗೇ ಸ್ವರಲಿಪಿ ಓದುವುದನ್ನು, ಪಿಟೀಲು ಹಿಡಿಯುವುದನ್ನು ಕಲಿಸುತ್ತಿದ್ದರು. ಹಾಗೆ ಕಲಿತವರು ಬೊಂಬಾಯಿಗೆ ಬಂದು ಹೋಟೆಲಿನ ವಾದ್ಯಗೋಷ್ಠಿ ಸೇರಿದರು. ಅಲ್ಡೋನಾ ಊರಿನ ಆಂತೊನಿಯೊ ಶಾವಿಯರ್ ವಾಝ್ ಇಲ್ಲಿ ಚಿಕ್ ಚಾಕೊಲೇಟ್ ಎಂಬ ಹೆಸರಿನ ಟ್ರಂಪೆಟ್ ವಾದಕರಾದರು. ಜನ ಅವರನ್ನು ಭಾರತದ ಆರ್ಮ್‌ಸ್ಟ್ರಾಂಗ್ ಎಂದೇ ಕರೆದರು. ದೇಶ ವಿಭಜನೆಯಾದಾಗ ಲಾಹೋರಿನ ಹೋಟೆಲಿನಲ್ಲಿ ತಂಡ ನಡೆಸುತ್ತಿದ್ದ ಸೆಬಾಸ್ಟಿಯನ್ ಡಿಸೋಜ ಅವರಂಥವರೂ ಇಲ್ಲಿಗೇ ಬಂದರು. ಅದರ ಬೆನ್ನಿಗೆ 1949ರ ಪಾನನಿಷೇಧ ಕಾಯ್ದೆ ಬಂತು, ಹೋಟೆಲಿನ ಸಂಪಾದನೆ ಇಳಿಯಿತು. ಹೊಟ್ಟೆಪಾಡಿಗೆ ಇವರು ಸಿನಿಮಾ ಸ್ಟುಡಿಯೊಗಳ ಬಾಗಿಲು ತಟ್ಟಿದರು.

ಅಲ್ಲಿ ನಡೆದದ್ದೇ ನಿಮ್ಮ ಪ್ರಶ್ನೆಗೆ ಉತ್ತರ. ಹಿಂದಿ ಚಿತ್ರಗಳ ಎಷ್ಟೋ ಸಂಗೀತ ನಿರ್ದೇಶಕರು ರಾಗ ಹಾಡಿ ತೋರಿಸುತ್ತಿದ್ದರು. ಅದನ್ನು ಹಿಡಿದು 50 ಮಂದಿಯ ವಾದ್ಯವೃಂದಕ್ಕೆ ಪಾಲು ಹಂಚಿ ಬರೆದುಕೊಡಲು ಲಿಪಿ ಬಲ್ಲವರು ಬೇಕಾಗಿತ್ತು. ಶಂಕರ್-ಜೈಕಿಶನ್ ಅವರಿಗೆ ಸೆಬಾಸ್ಟಿಯನ್ ಬರೆದುಕೊಟ್ಟರು. ಸಿ. ರಾಮಚಂದ್ರ ಅವರ ಜೊತೆ ಚಿಕ್ ಚಾಕೊಲೇಟ್ ದುಡಿದರು. 1951ರ ‘ಅಲ್‌ಬೇಲಾ’ ಚಿತ್ರದಲ್ಲಿ ಅವರೂ ಅವರ ತಂಡವೂ ತೆರೆಯ ಮೇಲೆಯೇ ಕಾಣಿಸುತ್ತಾರೆ. ಮಾಜೊರ್ಡಾದ ಆಂಥನಿ ಗೊನ್ಸಾಲ್ವಿಸ್ ಪಿಟೀಲು ಕಲಿಸಿದ ಹುಡುಗರಲ್ಲಿ ಮುಂದೆ ಸಂಗೀತ ನಿರ್ದೇಶಕರಾದ ಪ್ಯಾರೇಲಾಲ್ ಒಬ್ಬರು. 1977ರಲ್ಲಿ ಆ ಶಿಷ್ಯ ಗುರುವಿನ ಹೆಸರನ್ನೇ ಒಂದು ಹಾಡಿನ ಪಲ್ಲವಿಯೊಳಗೆ ಇಟ್ಟ. ಇಡೀ ದೇಶ ಆ ಹೆಸರನ್ನು ಹಾಡಿತು, ಅದು ನಿಜವಾದ ಒಬ್ಬ ಮನುಷ್ಯನ ಹೆಸರು ಎಂದು ತಿಳಿಯದೆ. ರೇಡಿಯೊ ಸಿಲೋನ್ ಹಚ್ಚಿಕೊಂಡು ಕುಳಿತ ಕಾರ್ಕಳದ, ಗದಗಿನ, ಹಾಸನದ ಮನೆಗಳಿಗೂ ಚರ್ಚ್‌ಗೇಟ್‌ನ ಟ್ರಂಪೆಟ್ ಹೀಗೆಯೇ ತಲುಪಿತು. ಇದನ್ನು ಹೊರಗಿನದೆಂದು ದೂರ ಇಡಲು ನನಗಂತೂ ಮನಸ್ಸಿಲ್ಲ.

ಕನ್ನಡದ ನಂಟು ನಿಮ್ಮ ತಂದೆಯವರಲ್ಲಿಗೆ ನಿಲ್ಲುವುದಿಲ್ಲ. ಮುಂಬೈನ ಜಾಝ್ ವಲಯ ಮುಂದೆ ದಕ್ಷಿಣದ ಕಡೆಗೂ ಕೈಚಾಚಿತು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ಹೊರತಂದ ಧ್ವನಿಮುದ್ರಿಕೆಯನ್ನು ಹುಡುಕಿ ಕೇಳಿ. ಮುಂಬೈನ ಜಾಝ್ ಪಿಯಾನೊ ವಾದಕ ಲೂಯಿ ಬ್ಯಾಂಕ್ಸ್ ಅವರ ಜೊತೆಗೂ ರಮಾಮಣಿ ಹಾಡಿದ್ದಾರೆ. ಜತಿ, ಕೊನ್ನಕ್ಕೋಲುಗಳು (ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳು) ಅಲ್ಲಿ ಎಷ್ಟು ಸಲೀಸಾಗಿ ಜಾಝ್‌ನೊಳಗೆ ಕೂತುಬಿಡುತ್ತವೆ ಎಂಬುದು ತಾಳ ಬಲ್ಲವರಿಗೆ ಬೇಗ ಗೊತ್ತಾಗುತ್ತದೆ.

ಮುಂಬೈ ಇದನ್ನು ಹೇಗೆ ನೋಡಿಕೊಂಡಿದೆ? ಓವಲ್ ಮೈದಾನದ ಪಶ್ಚಿಮದ ಮತ್ತು ಮರೀನ್ ಡ್ರೈವಿನ ಆರ್ಟ್ ಡೆಕೊ ಶೈಲಿಯ ಕಟ್ಟಡಗಳನ್ನು ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನನಗೆ ಅದರಿಂದ ಸಂತೋಷವೇ. ಅಲ್ಲಿಂದ ಕೂಗಳತೆಯ ದೂರದಲ್ಲಿ, ಈಗ ವೀರ್ ನರಿಮನ್ ರಸ್ತೆ ಎಂದು ಕರೆಯುವ ನಿಮ್ಮ ಚರ್ಚ್‌ಗೇಟ್ ಬೀದಿಯಲ್ಲಿ ಮತ್ತು ಅದರ ಆಸುಪಾಸಿನಲ್ಲಿ, ಅಸ್ಟೋರಿಯಾ ಹೋಟೆಲಿನ ‘ವೆನಿಸ್’, ಗೇಲಾರ್ಡ್, ಅಂಬಾಸಡರ್ ಹೀಗೆ ಸಾಲಾಗಿ ಸಂಗೀತವಿತ್ತು. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಡೆದರೆ ತಂಡ ಬದಲಾಗುತ್ತಿತ್ತು. ಆ ಗೋಡೆ, ಬಾಲ್ಕನಿ, ಮೆಟ್ಟಿಲುಗಳ ನಕ್ಷೆಯನ್ನು ನಾವು ಬರೆದಿಟ್ಟಿದ್ದೇವೆ. ಅವುಗಳ ಒಳಗೆ ಯಾರು ನುಡಿಸುತ್ತಿದ್ದರು ಎಂಬುದನ್ನು ಹಾಗೆ ಬರೆದಿಟ್ಟಿಲ್ಲ.

ಧೋಬಿ ತಲಾವ್‌ನ ರಂಗಭವನದ ಕಥೆ ಇನ್ನೂ ನೋವಿನದು. 1978ರಲ್ಲಿ ನಿರಂಜನ್ ಝವೇರಿ ಮತ್ತು ಅವರ ಜಾಝ್ ಇಂಡಿಯಾ ಬಳಗ ಮೊದಲ ಜಾಝ್ ಯಾತ್ರಾ ನಡೆಸಿದರು. ಸನ್ನಿ ರಾಲಿನ್ಸ್ ಅವರಂಥ ದೊಡ್ಡ ಸ್ಯಾಕ್ಸೊಫೋನ್ ವಾದಕರು ಬಂದು ನುಡಿಸಿದರು. ಮುಂದೆ ಎಷ್ಟೋ ವರ್ಷ ಈ ಉತ್ಸವಕ್ಕೆ ಮನೆಯಾದದ್ದು ರಂಗಭವನದ ಬಯಲು ರಂಗಮಂದಿರ. ಹತ್ತಿರದಲ್ಲಿ ಆಸ್ಪತ್ರೆ, ಕಾಲೇಜುಗಳಿದ್ದುದರಿಂದ ಅದು ನಿಶ್ಶಬ್ದ ವಲಯದ ನಿಯಮಕ್ಕೆ ಒಳಪಟ್ಟಿತು, ಸಂಗೀತ ನಿಂತಿತು. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ, ರೋಗಿಗೆ ನಿದ್ದೆ ಬೇಕು. ಆದರೆ ಒಂದು ಜಾಗ ಕಿತ್ತುಕೊಂಡಾಗ ಅದಕ್ಕೆ ಸರಿಸಮನಾದ ಇನ್ನೊಂದನ್ನು ಕೊಡಬೇಕೆಂಬ ಯೋಚನೆ ನಗರಕ್ಕೆ ಬರಬೇಕಾಗಿತ್ತು. ನರಿಮನ್ ಪಾಯಿಂಟ್‌ನ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ ಈಗಲೂ ಜಾಝ್ ಉತ್ಸವ ಮಾಡುತ್ತದೆ, ಒಳ್ಳೆಯ ಕಲಾವಿದರು ಬರುತ್ತಾರೆ. ಬಯಲಿನಲ್ಲಿ ಕಡಿಮೆ ದುಡ್ಡಿಗೆ ಕುಳಿತು ಕೇಳುವ ಸುಖ ಮಾತ್ರ ಮರಳಿ ಬಂದಿಲ್ಲ.

ಬೇರೆ ನಗರಗಳ ಬಗ್ಗೆ ಕೇಳಿದ್ದೀರಿ. ಹೋಲಿಸಲು ಜಾಝ್ ಹುಟ್ಟಿದ ಅಮೆರಿಕದ ನ್ಯೂ ಆರ್ಲಿಯನ್ಸ್ ಒಂದೇ ಸಾಕು, ಏಕೆಂದರೆ ಮಾಡಬೇಕಾದ್ದು ಮತ್ತು ಮಾಡಬಾರದ್ದು ಎರಡೂ ಅಲ್ಲಿವೆ.

ಆರ್ಮ್‌ಸ್ಟ್ರಾಂಗ್ ಹುಟ್ಟಿದ ಜೇನ್ ಆ್ಯಲಿಯ ಪುಟ್ಟ ಮನೆಯನ್ನು ಅವರು ಬದುಕಿರುವಾಗಲೇ, 1964ರಲ್ಲಿ, ಕೆಡವಿದರು. ಟ್ರೆಮೆ ಎಂಬ ಕಪ್ಪು ಜನರ ಹಳೆಯ ಕೇರಿಯ ಮನೆಗಳನ್ನು ಸಾಲುಸಾಲಾಗಿ ನೆಲಸಮ ಮಾಡಿದ ಜಾಗದಲ್ಲಿ ಆಮೇಲೆ ಒಂದು ಉದ್ಯಾನ ಮಾಡಿ ಅದಕ್ಕೆ ಅವರ ಹೆಸರಿಟ್ಟರು. ಆ ಕೇರಿಯ ಮೆರವಣಿಗೆಗಳು ಹಾದುಹೋಗುತ್ತಿದ್ದ ಕ್ಲೇಬೋರ್ನ್ ರಸ್ತೆಯ ಓಕ್ ಮರಗಳನ್ನು 1966ರಲ್ಲಿ ಕಡಿದು ಮೇಲೆ ಹೆದ್ದಾರಿ ಕಟ್ಟಿದರು. ಹುಡುಗನಾಗಿದ್ದಾಗ ಆರ್ಮ್‌ಸ್ಟ್ರಾಂಗ್ ಯಾರ ಬಳಿ ಕೆಲಸ ಮಾಡುತ್ತಿದ್ದರೋ ಆ ಕಾರ್ನೋಫ್ಸ್ಕಿ ಕುಟುಂಬದ ದರ್ಜಿ ಅಂಗಡಿ ಯಾರೂ ದುರಸ್ತಿ ಮಾಡದೆ ನಿಂತೇ ಇತ್ತು. 2021ರ ಆಗಸ್ಟಿನಲ್ಲಿ ಐಡಾ ಚಂಡಮಾರುತಕ್ಕೆ ಕುಸಿದುಬಿತ್ತು. ಜಾಝ್‌ನ ಹೆಸರಿನಲ್ಲಿ ಪ್ರವಾಸಿಗರನ್ನು ಕರೆಯುವ ನಗರದಲ್ಲೇ ಇಷ್ಟೆಲ್ಲ ನಡೆದಿದೆ.

ಅದೇ ನಗರದಲ್ಲಿ 1958ರಲ್ಲಿ ಟ್ಯೂಲೇನ್ ವಿಶ್ವವಿದ್ಯಾಲಯ ಒಂದು ಜಾಝ್ ದಾಖಲೆ ಭಂಡಾರ ತೆರೆಯಿತು. ಫೋರ್ಡ್ ಪ್ರತಿಷ್ಠಾನದ ಹಣ ಬಂದಿತ್ತು. ಆ ಹಣದಲ್ಲಿ ಬಿಲ್ ರಸೆಲ್ ಮತ್ತು ರಿಚರ್ಡ್ ಅಲೆನ್ ಟೇಪ್ ರೆಕಾರ್ಡರ್ ಹೊತ್ತು ಮುದಿ ವಾದಕರ ಮಾತು ಕೇಳಲು ಹೊರಟರು. ನಿಮ್ಮ ಗುರು ಯಾರು, ಶವಯಾತ್ರೆಯಲ್ಲಿ ನುಡಿಸಲು ಎಷ್ಟು ಕೊಡುತ್ತಿದ್ದರು, ಆ ರಾತ್ರಿ ನಿಮ್ಮ ಪಕ್ಕ ಯಾರು ನಿಂತಿದ್ದರು ಎಂಬಂಥ ಮಾತು. ಹೇಳಿದವರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಆ ನಗರದ ಮೊದಲ ಕಾಲದ ಜಾಝ್ ಬಗ್ಗೆ ಇಂದು ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಆ ಟೇಪುಗಳ ಋಣ. ನೀವು ಮೊದಲು ಏನು ಮಾಡಬೇಕೆಂದು ನಾನು ಹಟಹಿಡಿದು ಹೇಳುತ್ತಿರುವುದು ಇದಕ್ಕೇ.

ಅಲ್ಲಿಯ ಇನ್ನೆರಡು ಕೆಲಸಗಳು ನನಗೆ ಬಹಳ ಹಿಡಿಸಿವೆ. 1970ರ ದಶಕದ ಆರಂಭದಲ್ಲಿ ಡ್ಯಾನಿ ಬಾರ್ಕರ್ ಎಂಬ ಹಿರಿಯ ಬ್ಯಾಂಜೊ ವಾದಕ ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಮಕ್ಕಳ ಹಿತ್ತಾಳೆ ವಾದ್ಯತಂಡ ಕಟ್ಟಿದರು. ಅಷ್ಟು ಹೊತ್ತಿಗೆ ಬೀದಿ ಮೆರವಣಿಗೆಯ ಸಂಗೀತ ಮುದುಕರ ಬಾಬತ್ತಾಗಿತ್ತು. ಆ ಮಕ್ಕಳಲ್ಲಿ ಒಬ್ಬ ವಿಂಟನ್ ಮಾರ್ಸಾಲಿಸ್. ಇನ್ನೊಂದು, 1998ರಲ್ಲಿ ಶುರುವಾದ ಸಂಗೀತಗಾರರ ಚಿಕಿತ್ಸಾಲಯ. ಸಕ್ಕರೆ ಕಾಯಿಲೆಗೆ ಔಷಧಿಯಿಲ್ಲದ ವಾದಕನ ಎದುರು ಪರಂಪರೆಯ ಬಗ್ಗೆ ಭಾಷಣ ಮಾಡುವುದರಲ್ಲಿ ಅರ್ಥವಿಲ್ಲ ಎಂದು ಅವರಿಗೆ ತಿಳಿದಿತ್ತು. 1980ರ ದಶಕದಲ್ಲಿ ಸಿಂಥಸೈಜರ್ ಬಂದು ನಮ್ಮ ಸ್ಟುಡಿಯೊಗಳ ದೊಡ್ಡ ವಾದ್ಯವೃಂದಗಳು ಕರಗಿದಾಗ ಎಷ್ಟೋ ಮಂದಿ ಹಿತ್ತಾಳೆ ವಾದಕರು ಕೆಲಸವಿಲ್ಲದೆ ಊರು ಸೇರಿದರು. ಅವರ ಕೈಹಿಡಿಯಲು ಇಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ನಿಮ್ಮ ಟ್ರಂಕಿನ ಒಡೆಯರೂ ಹೀಗೇ ಹೊರಟರೋ, ಬೇರೆ ಕಾರಣವಿತ್ತೋ, ತಂದೆಯವರೇ ಹೇಳಬೇಕು.

ಇನ್ನು ಟ್ರಂಕು. ಬೆಲೆ ಕೇಳಿದ್ದೀರಿ. ಹಳೆಯ ವಸ್ತುಗಳ ಪೇಟೆಯಲ್ಲಿ ತಟ್ಟೆಗಳಿಗೆ ಒಂದಷ್ಟು ಹಣ ಬಂದೀತು, ಕೈಬರಹದ ಹಾಳೆಗಳಿಗೆ ಬಹುಶಃ ಏನೂ ಬರಲಾರದು. ಮುಖ್ಯವಾದದ್ದು ಹಾಳೆಗಳೇ. ತಟ್ಟೆಯ ಇನ್ನೊಂದು ಪ್ರತಿ ಎಲ್ಲಾದರೂ ಇರಬಹುದು. ಕೈಯಲ್ಲಿ ಬರೆದ ಎರಡನೆಯ ಟ್ರಂಪೆಟ್‌ನ ಪಾಲಿಗೆ ಇನ್ನೊಂದು ಪ್ರತಿ ಇರುವುದು ಕಷ್ಟ. ಇಂಥದೇ ಒಂದು ಕಟ್ಟನ್ನು ನೋಡಲೆಂದು ವರ್ಷಗಳ ಹಿಂದೆ ನಾನು ಒಂದು ಮನೆಗೆ ಹೋದಾಗ, ಅದನ್ನು ಹಿಂದಿನ ವಾರವೇ ರದ್ದಿಯವನಿಗೆ ತೂಕಕ್ಕೆ ಹಾಕಿದ್ದರು. ಅವರನ್ನು ದೂರಲಾರೆ. ಅದು ಏನೆಂದು ಅವರಿಗೆ ಹೇಳಿದವರೇ ಇರಲಿಲ್ಲ.

ಹಾಳೆಗಳು ಈಗಿರುವ ಕ್ರಮವನ್ನು ಕೆಡಿಸಬೇಡಿ. ಯಾವುದರ ಮೇಲೆ ಯಾವುದಿತ್ತು ಎಂಬುದೂ ಒಂದು ಮಾಹಿತಿ. ಅದು ಒಂದು ರಾತ್ರಿ ನುಡಿಸಿದ ಅನುಕ್ರಮವಾಗಿರಬಹುದು. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಮೆಲ್ಲಗೆ ಬಿಡಿಸಿ. ಹರಿದಲ್ಲಿ ಸೆಲೊಟೇಪ್ ಅಂಟಿಸಬೇಡಿ, ಲ್ಯಾಮಿನೇಟ್ ಮಾಡಿಸಲೇಬೇಡಿ. ಅಂಟು ಹತ್ತು ವರ್ಷದಲ್ಲಿ ಕಾಗದವನ್ನು ಕಂದಾಗಿಸಿ ತಿನ್ನುತ್ತದೆ. ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿ ಮಲಗಿಸಿಡಿ. ಮುಂಬೈನ ಮಳೆಗಾಲದಲ್ಲಿ ತೇವವೇ ದೊಡ್ಡ ಶತ್ರು, ಆದ್ದರಿಂದ ಹೊರಗೋಡೆಗೆ ತಾಗಿದ ಕಪಾಟು ಬೇಡ. ಪ್ರತಿ ಹಾಳೆಯನ್ನು, ಹಿಂಬದಿ ಸೇರಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಹಿಂಬದಿಯಲ್ಲಿ ಧೋಬಿ ಲೆಕ್ಕವೊ, ಟ್ಯಾಕ್ಸಿ ಬಾಡಿಗೆಯೊ, ಸ್ಟುಡಿಯೊದ ಹೆಸರೊ ಬರೆದಿದ್ದರೆ ಅದು ಮುಂಬದಿಯಷ್ಟೇ ಮುಖ್ಯ.

ತಟ್ಟೆಗಳನ್ನು ಮನೆಯ ಯಾವ ಪ್ಲೇಯರಿನಲ್ಲೂ ಹಾಕಬೇಡಿ. ಅವು ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳು. ಅವುಗಳ ಗೆರೆ ಅಗಲ, ಎಲ್‌ಪಿಯ ಸಣ್ಣ ಸೂಜಿ ಅದರ ತಳಕ್ಕಿಳಿದು ಉಜ್ಜಿ ಸದ್ದು ಮಾಡುತ್ತದೆ, ತಟ್ಟೆಗೂ ಪೆಟ್ಟು. ಸ್ಪಿರಿಟ್‌ನಿಂದ ಒರೆಸುವುದಂತೂ ಕೂಡದು, ಮದ್ಯಸಾರ ಅರಗನ್ನೇ ಕರಗಿಸುತ್ತದೆ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ಲೇಬಲ್ ಪಕ್ಕದ ನುಣುಪು ಜಾಗದಲ್ಲಿ ಕೊರೆದಿರುವ ಸಣ್ಣ ಸಂಖ್ಯೆಯನ್ನು ಬರೆದುಕೊಳ್ಳಿ, ಮುದ್ರಣದ ಕಾಲ ಪತ್ತೆಯಾಗುವುದು ಅದರಿಂದ. ಮುಂಬೈನಲ್ಲೇ 1990ರಿಂದ ಇರುವ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘದವರಿಗೆ ಆ ಸಂಖ್ಯೆ ಓದಲು ಬರುತ್ತದೆ. ಪ್ರಕಟವಾದ ಮರುವರ್ಷದಿಂದ 60 ವರ್ಷ ಕಳೆದ ಧ್ವನಿಮುದ್ರಣಕ್ಕೆ ನಮ್ಮ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಮುಗಿದಿರುತ್ತದೆ. ಹಾಡಿನ ಸಾಹಿತ್ಯ, ಸಂಗೀತ ರಚನೆಯ ಹಕ್ಕು ಬೇರೆ, ಅದು ಇನ್ನೂ ಉಳಿದಿರಬಹುದು.

ಫೋಟೊಗಳ ಹಿಂದೆ ಪೆನ್ನಿನಿಂದ ಬರೆಯಬೇಡಿ. ಮೆತ್ತನೆಯ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಸಾಕು, ಹೆಸರುಗಳು ಬೇರೆ ಪುಸ್ತಕದಲ್ಲಿರಲಿ. ಆ ಅಲ್ಯುಮಿನಿಯಂ ಬಟ್ಟಲು ಟ್ರಂಪೆಟ್‌ನ ಮ್ಯೂಟ್. ಕಿರಿದಾದ ತುದಿಯಲ್ಲಿ ಮೂರು ಬಿರಡೆ ಪಟ್ಟಿಗಳಿವೆ, ನೋಡಿ. ಅದನ್ನು ವಾದ್ಯದ ಬಾಯಿಗೆ ಸಿಕ್ಕಿಸಿದರೆ ಸ್ವರ ತೆಳ್ಳಗಾಗಿ ದೂರದಿಂದ ಬಂದಂತೆ ಕೇಳುತ್ತದೆ. ಊಟ ಮಾಡುವವರು ಮಾತಾಡುವ ಹೊತ್ತಿನಲ್ಲಿ ಅದು ಬೇಕಾಗುತ್ತಿತ್ತು. ಅದನ್ನು ತಿಕ್ಕಿ ಹೊಳಪು ಮಾಡಬೇಡಿ. ತಗ್ಗುಗಳೂ ಅದರ ಕಥೆಯೇ.

ಯಾರಿಗೆ ಕೊಡಬೇಕು? ಟ್ರಂಕ್ ನಿಮ್ಮದಲ್ಲ, ನಿಮ್ಮ ಬಳಿ ಇಟ್ಟದ್ದು. ತಂದೆಯವರು ಇಷ್ಟು ವರ್ಷ ಅದನ್ನು ಮಾರದೆ ಕಾಪಾಡಿದ್ದಾರೆಂದರೆ ಅವರಿಗೂ ಅದು ಗೊತ್ತು. ಆದ್ದರಿಂದ ಮೊದಲು ಆ ವಾದಕರ ಮನೆಯವರನ್ನು ಹುಡುಕಿ. ಊರಿನ ಹೆಸರು ತಂದೆಯವರಿಗೆ ನೆನಪಿದ್ದರೆ ದಾರಿ ಸುಲಭ. ಧೋಬಿ ತಲಾವ್ ಸುತ್ತಮುತ್ತ ಗೋವಾದ ಊರೂರಿನವರು ನಡೆಸುತ್ತಿದ್ದ ‘ಕೂಡ್’ ಎಂಬ ವಸತಿಗಳಿದ್ದವು, ಕೆಲವು ಈಗಲೂ ಇವೆ. ಒಂದು ಸಾಲು ಪೆಟ್ಟಿಗೆ, ಗೋಡೆಯ ಮೇಲೊಂದು ದೇವರ ಪೀಠ. ಹಡಗಿನ ಕೆಲಸಗಾರರೂ ವಾದಕರೂ ಅಲ್ಲೇ ತಂಗುತ್ತಿದ್ದರು. ಆಯಾ ಊರಿನ ಕೂಡ್‌ನಲ್ಲಿ ವಿಚಾರಿಸಿ, ಊರಿನ ಚರ್ಚಿಗೆ ಒಂದು ಪತ್ರ ಬರೆಯಿರಿ. ಮನೆಯವರು ಸಿಕ್ಕರೆ ಮೂಲ ಅವರಿಗೆ, ಸ್ಕ್ಯಾನ್ ಪ್ರತಿ ಒಂದು ದಾಖಲೆ ಭಂಡಾರಕ್ಕೆ. ಸಿಗದಿದ್ದರೆ 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ದಾಖಲೆ ಮತ್ತು ಸಂಶೋಧನ ಕೇಂದ್ರವನ್ನು ಕೇಳಿ ನೋಡಿ. ಯಾರಿಗೇ ಕೊಡಿ, ಯಾರಿಂದ ಬಂದದ್ದು, ಯಾವ ಷರತ್ತಿನ ಮೇಲೆ ಎಂದು ಬರಹದಲ್ಲಿ ಪಡೆಯಿರಿ. ಮುಂಬೈ ಜಾಝ್‌ನ ಇತಿಹಾಸವನ್ನು ಪತ್ರಕರ್ತ ನರೇಶ್ ಫರ್ನಾಂಡಿಸ್ 2012ರಲ್ಲಿ ಪುಸ್ತಕವಾಗಿ ಬರೆದಾಗ ಅವರಿಗೆ ನೆರವಾದದ್ದರಲ್ಲಿ ಇಂಥ ಮನೆಗಳ ಆಲ್ಬಮ್ಮುಗಳು, ನೆನಪುಗಳು ಸೇರಿದ್ದವು.

ಆಚರಣೆಯ ಬಗ್ಗೆ ನನ್ನ ಆಸೆ ಒಂದಿದೆ. ಏಪ್ರಿಲ್ 30 ಅಂತರರಾಷ್ಟ್ರೀಯ ಜಾಝ್ ದಿನ. ಆ ದಿನ ಚರ್ಚ್‌ಗೇಟ್ ಬೀದಿಯಲ್ಲಿ ಒಂದು ಸಂಜೆ, ಇಲ್ಲಿ ಬರೆದ ಹಾಳೆಗಳಿಂದಲೇ, ಇಲ್ಲಿಯ ಹುಡುಗ ಹುಡುಗಿಯರು ನುಡಿಸಬೇಕು. ಪ್ರತಿ ರಚನೆಗೂ ಮುಂಚೆ ಅದನ್ನು ಮೊದಲು ನುಡಿಸಿದವರ ಹೆಸರುಗಳನ್ನು ಗಟ್ಟಿಯಾಗಿ ಓದಬೇಕು: ಮುಂದೆ ನಿಂತವರದು ಮಾತ್ರವಲ್ಲ, ಎರಡನೆಯ ಟ್ರಂಪೆಟ್ಟಿನವರದೂ. ಸಿನಿಮಾದ ಹೆಸರಿನ ಪಟ್ಟಿಗಳಲ್ಲಿ ಎಂದೂ ಬಾರದ ಹೆಸರುಗಳು ಅವು. ಕೊಂಕಣಿಯಲ್ಲಿ ಸಂಗೀತ ಸಂಯೋಜಕ ಕ್ರಿಸ್ ಪೆರ್‍ರಿ ಮತ್ತು ಗಾಯಕಿ ಲೋರ್ನಾ ಅವರ ಹಾಡುಗಳಿಗೆ ಸುಮಾರು ಹತ್ತು ವರ್ಷದ ಹಿಂದೆ ಒಂದು ಚಲನಚಿತ್ರದಿಂದ ಮರುಜೀವ ಬಂತು. ಗೋವಾ, ಮಂಗಳೂರುಗಳಲ್ಲಿ ಮೊಮ್ಮಕ್ಕಳು ಅಜ್ಜಿಯರ ಜೊತೆ ಕುಳಿತು ಹಾಡಿದರು. ಅದು ಆಗುತ್ತದಾದರೆ ಇದೂ ಆಗುತ್ತದೆ. ನಿಮ್ಮ ಹಾಳೆಯ ಆ 16 ಬಾರ್‌ಗಳಲ್ಲಿ ಇಂದಿನ ವಾದಕಿ ತನಗೆ ತೋಚಿದ್ದನ್ನೇ ನುಡಿಸಲಿ, ಅವು ಖಾಲಿ ಇರುವುದು ಅದಕ್ಕಾಗಿಯೇ.

ಧ್ವನಿಮುದ್ರಣಕ್ಕೆ ಮೊಬೈಲ್ ಸಾಕು. ಫ್ಯಾನ್ ಆರಿಸಿ, ಮೊಬೈಲನ್ನು ಮಡಿಸಿದ ಟವೆಲಿನ ಮೇಲೆ ಅವರಿಂದ ಒಂದು ಮೊಳ ದೂರದಲ್ಲಿಡಿ. ಬೆಳಗಿನ ಕಾಫಿಯ ನಂತರ ಮುಕ್ಕಾಲು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ಅವರಿಗೆ ತುಳು ಸಲೀಸಾದರೆ ತುಳುವಿನಲ್ಲೇ ಮಾತಾಡಲಿ. ಜಾಝ್ ಹೇಗಿತ್ತು ಎಂದು ಕೇಳಬೇಡಿ, ‘ಚೆನ್ನಾಗಿತ್ತು’ ಎಂದು ಸುಮ್ಮನಾಗುತ್ತಾರೆ. ಕೈಗೆ ಒಂದು ಫೋಟೊ ಕೊಡಿ. ಪಿಯಾನೊ ಯಾವ ಗೋಡೆಗಿತ್ತು? ವಾದಕರು ಗಿರಾಕಿಗಳ ಬಾಗಿಲಿನಿಂದ ಬರುತ್ತಿದ್ದರೋ, ಅಡುಗೆಮನೆಯ ಬಾಗಿಲಿನಿಂದಲೋ? ಅವರಿಗೆ ಊಟ ಎಷ್ಟು ಹೊತ್ತಿಗೆ, ಯಾರ ಜೊತೆ? ಯಾವ ಹಾಡು ಶುರುವಾದರೆ ತಟ್ಟೆ ಹಿಡಿದ ನೀವು ನಿಂತುಬಿಡುತ್ತಿದ್ದಿರಿ? ಕೊನೆಯದಾಗಿ, ಟ್ರಂಕ್ ಕೊಟ್ಟ ದಿನ ಆ ಮನುಷ್ಯ ಏನು ಹೇಳಿದರು? ಈ ಪ್ರಶ್ನೆಗೆ ಅವರು ಬಹಳ ಹೊತ್ತು ಮಾತಾಡದೇ ಇರಬಹುದು. ಮೊಬೈಲ್ ಆರಿಸಬೇಡಿ, ಹಾಗೇ ಓಡುತ್ತಿರಲಿ.